ಸರಕುಗಾಡಿಯ ಇಂಧನ: ಡೀಸೆಲ್ಲಿಗೆ ಬದಲಿ ಉಂಟೆ?

‘ಇಂಧನ’ ಎಂಬ ಶಬ್ದವು ಸಂಸ್ಕೃತದ ‘ಇಂಧ್’ ಧಾತುವಿನಿಂದ ಹುಟ್ಟಿದುದು. ಹೊತ್ತಿಸು, ಬೆಳಗಿಸು ಎಂಬುದು ಆ ಧಾತುವಿನ ಅರ್ಥ. ಕನ್ನಡದ ‘ಉರುವಲು’ ಎಂಬ ಮಾತೂ ‘ಉರಿ’ಯೊಡನೆ ತನಗಿರುವ ನಂಟನ್ನು ತಾನೇ ಸಾರುತ್ತದೆ. ಬಣ್ಣ ವಾಸನೆಗಳನ್ನು ಬಿಟ್ಟು ಹೊತ್ತಿಕೊಳ್ಳುವ ಗುಣವೊಂದನ್ನೇ ಹಿಡಿದು ಎರಡೂ ಭಾಷೆಗಳು ಈ ವಸ್ತುವಿಗೆ ಹೆಸರಿಟ್ಟಿವೆ. ಯಂತ್ರಶಾಸ್ತ್ರದ ಮೊದಲ ಪಾಠವೂ ಇದೇ. ಇಂಧನವು ಹೇಗೆ ಹೊತ್ತಿಕೊಳ್ಳುತ್ತದೆ ಎಂಬುದರ ಮೇಲೆ ಯಂತ್ರದ ಆಕಾರ, ತೂಕ, ಬೆಲೆ, ಬಾಳಿಕೆಗಳೆಲ್ಲ ನಿಂತಿವೆ.

ಹುಬ್ಬಳ್ಳಿ-ಧಾರವಾಡ ಅವಳಿ ನಗರಗಳು ಸರಕು ಸಾಗಣೆಯಿಂದ ಬಾಳುವ ಊರುಗಳು. ಪುಣೆ-ಬೆಂಗಳೂರು ಹೆದ್ದಾರಿ ಇಲ್ಲಿ ಹಾದುಹೋಗುತ್ತದೆ. ಪಶ್ಚಿಮಕ್ಕೆ ಯಲ್ಲಾಪುರ, ಅರಬೈಲು ಘಟ್ಟದ ಮೂಲಕ ಅಂಕೋಲೆಯ ಕಡಲತಡಿಗೆ ದಾರಿಯಿದೆ. ಪೂರ್ವಕ್ಕೆ ಗದಗು, ಕೊಪ್ಪಳ, ಬಳ್ಳಾರಿಗಳಿವೆ. ಅಮರಗೋಳದ ಕೃಷಿ ಮಾರುಕಟ್ಟೆಗೆ ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿಗಳು ಸುತ್ತಲಿನ ತಾಲೂಕುಗಳಿಂದ ಬಂದು ಸೇರುತ್ತವೆ. ಈ ಎಲ್ಲ ಓಡಾಟಕ್ಕೆ ಬಹುಕಾಲ ಡೀಸೆಲ್ಲೇ ಆಧಾರವಾಗಿದ್ದಿತು. ಸರಕುಗಾಡಿ ಎಂದರೆ ಡೀಸೆಲ್ ಗಾಡಿ ಎಂಬುದು ಜನರ ಮನಸ್ಸಿನಲ್ಲಿ ಬೇರೂರಿದ ಮಾತು. ಆದರೆ ಈಚಿನ ವರ್ಷಗಳಲ್ಲಿ ಪೆಟ್ರೋಲಿನ ಸಣ್ಣ ಲಾರಿ, ಸಿ.ಎನ್.ಜಿ. ಪಿಕಪ್, ವಿದ್ಯುತ್ತಿನ ಗೂಡ್ಸ್ ಗಾಡಿಗಳು ಮಾರಾಟಕ್ಕೆ ಬಂದಿವೆ. ಸಾಲ ಮಾಡಿ ಗಾಡಿ ಕೊಳ್ಳುವ ಗೃಹಸ್ಥನಿಗೆ ಇದು ಬರಿಯ ಕುತೂಹಲದ ಸಂಗತಿಯಲ್ಲ. ಇಂಧನವನ್ನು ತಪ್ಪಾಗಿ ಆರಿಸಿದರೆ ಐದು ವರ್ಷದ ದುಡಿಮೆ ಕಂತಿಗೂ ರಿಪೇರಿಗೂ ಸೋರಿಹೋಗುತ್ತದೆ. ಆದುದರಿಂದ ಈ ಬದಲಾವಣೆಯ ಕಾರಣವೇನು, ಅದು ಯಾವ ಕೆಲಸಕ್ಕೆ ಒಪ್ಪುತ್ತದೆ, ಯಾವುದಕ್ಕೆ ಒಪ್ಪದು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಎರಡು ಬಗೆಯ ಹೊತ್ತಿಕೆ

ಜರ್ಮನಿಯ ನಿಕೋಲಸ್ ಆಟೋ ಎಂಬಾತನು 1876ರಲ್ಲಿ ನಾಲ್ಕು ಹೊಡೆತದ ಯಂತ್ರವನ್ನು ಸಿದ್ಧಗೊಳಿಸಿದನು. ಪೆಟ್ರೋಲ್ ಯಂತ್ರಗಳು ಇದೇ ಮನೆತನಕ್ಕೆ ಸೇರಿದವು. ಇವುಗಳಲ್ಲಿ ಗಾಳಿಯೂ ಇಂಧನವೂ ಬೆರೆತು, ಸಿಲಿಂಡರಿನಲ್ಲಿ ಸುಮಾರು ಹತ್ತರಲ್ಲೊಂದು ಪಾಲಿಗೆ ಅದುಮಲ್ಪಟ್ಟು, ವಿದ್ಯುತ್ ಕಿಡಿಯಿಂದ ಹೊತ್ತಿಕೊಳ್ಳುತ್ತವೆ. ಅದಕ್ಕಿಂತ ಹೆಚ್ಚು ಅದುಮಿದರೆ ಮಿಶ್ರಣವು ಕಿಡಿ ಬರುವ ಮೊದಲೇ ತಾನಾಗಿ ಸಿಡಿದು ಯಂತ್ರಕ್ಕೆ ಪೆಟ್ಟು ಕೊಡುತ್ತದೆ.

ರುಡಾಲ್ಫ್ ಡೀಸೆಲ್‌ನು ಈ ದೋಷವನ್ನೇ ಗುಣವನ್ನಾಗಿ ಮಾಡಿಕೊಂಡನು. ಆತನ ಯಂತ್ರವು 1897ರಲ್ಲಿ ಆಗ್ಸ್‌ಬುರ್ಗ್ ನಗರದಲ್ಲಿ ಯಶಸ್ವಿಯಾಗಿ ನಡೆಯಿತು. ಇದರಲ್ಲಿ ಮೊದಲು ಗಾಳಿಯೊಂದನ್ನೇ ಹದಿನಾರರಿಂದ ಇಪ್ಪತ್ತು ಪಟ್ಟು ಅದುಮಲಾಗುತ್ತದೆ. ಆ ಒತ್ತಡಕ್ಕೆ ಗಾಳಿಯ ಬಿಸಿ 500 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರುತ್ತದೆ. ಆಗ ಎಣ್ಣೆಯನ್ನು ಸಿಂಪಡಿಸಿದರೆ ಕಿಡಿಯ ಹಂಗಿಲ್ಲದೆ ಅದು ಹೊತ್ತಿಕೊಳ್ಳುತ್ತದೆ. ಹೆಚ್ಚು ಅದುಮಿದಷ್ಟೂ ಅದೇ ಇಂಧನದಿಂದ ಹೆಚ್ಚು ಕೆಲಸ ದೊರೆಯುತ್ತದೆ. ಆದರೆ ಅಷ್ಟು ಒತ್ತಡವನ್ನು ತಾಳಲು ಯಂತ್ರವು ದಪ್ಪವಾಗಿರಬೇಕು, ಭಾರವಾಗಿರಬೇಕು, ಬೆಲೆಯೂ ಹೆಚ್ಚುತ್ತದೆ. ನಿಧಾನವಾಗಿ ತಿರುಗುವಾಗಲೂ ಬಲವಾಗಿ ಎಳೆಯುವುದು ಡೀಸೆಲ್ಲಿನ ಗುಣ. ಹಗುರಾಗಿದ್ದು ಬೇಗ ತಿರುಗುವುದು ಪೆಟ್ರೋಲಿನ ಗುಣ. ಗಳೆ ಹೊಡೆಯುವ ಎತ್ತು ಬೇರೆ, ಸವಾರಿ ಬಂಡಿಯ ಎತ್ತು ಬೇರೆ ಎಂಬುದನ್ನು ಬಲ್ಲ ಈ ಸೀಮೆಯ ರೈತನಿಗೆ ಈ ಭೇದವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಡೀಸೆಲ್ಲೂ ಒಮ್ಮೆ ಬದಲಿಯಾಗಿ ಬಂದುದೇ

ಭಾರತದ ರಸ್ತೆಗಳಲ್ಲಿ ಮೊದಲು ಓಡಿದ ಲಾರಿ ಬಸ್ಸುಗಳಲ್ಲಿ ಬಹುಪಾಲು ಪೆಟ್ರೋಲಿನವು. ಫೋರ್ಡ್, ಷೆವರ್ಲೆ, ಡಾಡ್ಜ್ ಮುಂತಾದ ಆಮದು ಗಾಡಿಗಳ ಕಾಲವದು. ಎರಡನೆಯ ಮಹಾಯುದ್ಧದ ವೇಳೆ ಪೆಟ್ರೋಲಿಗೆ ಪಡಿತರ ಬಂದಾಗ ಅನೇಕ ಬಸ್ಸುಗಳು ಇದ್ದಿಲಿನಿಂದ ಓಡಿದವು. ಗಾಡಿಯ ಬೆನ್ನಿಗೆ ಕಟ್ಟಿದ ಉದ್ದನೆಯ ಒಲೆಯಲ್ಲಿ ಇದ್ದಿಲನ್ನು ಅರೆಬರೆಯಾಗಿ ಉರಿಸಿ, ಅದರಿಂದ ಹೊರಡುವ ಇಂಗಾಲದ ಮಾನಾಕ್ಸೈಡ್ ಮೊದಲಾದ ಉರಿಯುವ ಅನಿಲವನ್ನು ಸೋಸಿ ಯಂತ್ರಕ್ಕೆ ಹಾಯಿಸುತ್ತಿದ್ದರು. ಏರು ಬಂದರೆ ಬಲ ಸಾಲದೆ ಬಸ್ಸು ಏದುಸಿರು ಬಿಡುತ್ತಿದ್ದಿತು. ಬದಲಿ ಇಂಧನದ ಪ್ರಶ್ನೆ ಇಂದು ನಿನ್ನೆಯದಲ್ಲವೆಂಬುದಕ್ಕೆ ಇಷ್ಟು ಸಾಕು.

1954ರಲ್ಲಿ ಜಮ್‌ಷೇಡ್‌ಪುರದಲ್ಲಿ ಟಾಟಾ ಸಂಸ್ಥೆಯು ಜರ್ಮನಿಯ ಡೈಮ್ಲರ್-ಬೆನ್ಜ್ ಸಹಯೋಗದಿಂದ ಡೀಸೆಲ್ ಲಾರಿಗಳ ನಿರ್ಮಾಣವನ್ನು ಆರಂಭಿಸಿತು. ಡೀಸೆಲ್ಲಿನ ಬೆಲೆಯನ್ನು ಸರಕಾರ ಬಹುಕಾಲ ಕೆಳಮಟ್ಟದಲ್ಲಿ ಹಿಡಿದಿರಿಸಿದ್ದರಿಂದ ಸರಕು ಸಾಗಣೆಯೆಲ್ಲ ಅದರ ಕಡೆಗೆ ವಾಲಿತು. 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಆರಂಭವಾಗಿ, ಮುಂದೆ ಹುಬ್ಬಳ್ಳಿಯನ್ನು ಕೇಂದ್ರವನ್ನಾಗಿ ಮಾಡಿಕೊಂಡು ದೇಶದ ದೊಡ್ಡ ಸಾಗಣೆ ಸಂಸ್ಥೆಗಳಲ್ಲೊಂದಾದ ವಿಜಯಾನಂದ ರೋಡ್‌ಲೈನ್ಸ್‌ನ ಬೆಳವಣಿಗೆಯೂ ಡೀಸೆಲ್ ಯುಗದ್ದೇ. 2005ರಲ್ಲಿ ಬಂದ ಟಾಟಾ ಏಸ್ ಎಂಬ ಪುಟ್ಟ ನಾಲ್ಕು ಚಕ್ರದ ಗಾಡಿಯೂ 702 ಸಿ.ಸಿ.ಯ ಎರಡು ಸಿಲಿಂಡರಿನ ಡೀಸೆಲ್ ಯಂತ್ರವನ್ನೇ ಹೊತ್ತು ಬಂದಿತು. ‘ಛೋಟಾ ಹಾಥಿ’ ಎಂದು ಹೆಸರಾದ ಗಾಡಿ ಇದೇ. 2012ರಲ್ಲಿ ಧಾರವಾಡದ ಬಳಿ ಆರಂಭವಾದ ಟಾಟಾ ಕಾರ್ಖಾನೆಯಲ್ಲಿ ಇದರ ತಮ್ಮನಂತಿದ್ದ ಏಸ್ ಜಿಪ್ ತಯಾರಾಯಿತು. ಅದರದು 611 ಸಿ.ಸಿ.ಯ ಒಂದೇ ಸಿಲಿಂಡರಿನ ಡೀಸೆಲ್ ಯಂತ್ರ. ಹೊಲಕ್ಕೆ ನೀರೆತ್ತುವ ಪಂಪಿನ ಯಂತ್ರದಷ್ಟು ಸಣ್ಣದಕ್ಕೂ ಡೀಸೆಲ್ಲೇ ಬೇಕೆನಿಸಿದ್ದಿತೆಂದರೆ ಆ ಇಂಧನದ ಅಗ್ಗವು ಎಷ್ಟು ದೊಡ್ಡ ಆಕರ್ಷಣೆಯಾಗಿದ್ದಿತೆಂಬುದು ತಿಳಿಯುತ್ತದೆ.

2020ರ ತಿರುವು

ಈ ಸ್ಥಿತಿ ಬದಲಾಗಲು ಮುಖ್ಯವಾಗಿ ಎರಡು ಕಾರಣಗಳುಂಟು. ಮೊದಲನೆಯದು ಬೆಲೆ. 2014ರ ಅಕ್ಟೋಬರ್ ತಿಂಗಳಲ್ಲಿ ಕೇಂದ್ರ ಸರಕಾರವು ಡೀಸೆಲ್ ಬೆಲೆಯ ಮೇಲಣ ಹಿಡಿತವನ್ನು ಬಿಟ್ಟುಕೊಟ್ಟಿತು. ಪೆಟ್ರೋಲಿಗೂ ಡೀಸೆಲ್ಲಿಗೂ ನಡುವೆ ಇದ್ದ ದೊಡ್ಡ ಅಂತರ ಕಿರಿದಾಯಿತು.

ಎರಡನೆಯದು ಹೊಗೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗದಲ್ಲಿ ಸೇರಿಸಿತು. 2020ರ ಏಪ್ರಿಲ್ 1ರಿಂದ ಭಾರತದಾದ್ಯಂತ ಭಾರತ್ ಸ್ಟೇಜ್-6 ನಿಯಮಗಳು ಜಾರಿಗೆ ಬಂದವು. ಇಂಧನದಲ್ಲಿರಬಹುದಾದ ಗಂಧಕದ ಪ್ರಮಾಣ ಹತ್ತು ಲಕ್ಷ ಪಾಲಿಗೆ 50ರಿಂದ 10ಕ್ಕೆ ಇಳಿಯಿತು. ಗಾಡಿಯ ಹೊಗೆಯಲ್ಲಿ ಮಸಿಗೂ ಸಾರಜನಕದ ಆಕ್ಸೈಡುಗಳಿಗೂ ಬಿಗಿಯಾದ ಮಿತಿ ಬಂದಿತು.

ಇಲ್ಲಿಯೇ ಎರಡು ಯಂತ್ರಗಳ ಹಣೆಬರಹ ಬೇರೆಯಾಯಿತು. ಪೆಟ್ರೋಲ್ ಯಂತ್ರದಲ್ಲಿ ಒಂದು ಪಾಲು ಇಂಧನಕ್ಕೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿಯನ್ನು ಅಳೆದು ಕೊಡಬಹುದು. ಉರಿದ ಮೇಲೆ ಆಮ್ಲಜನಕವೂ ಮಿಗದು, ಇಂಧನವೂ ಮಿಗದು. ಅಂತಹ ಹೊಗೆಯನ್ನು ಒಂದೇ ವೇಗವರ್ಧಕದ ಡಬ್ಬಿಯೊಳಗೆ ಹಾಯಿಸಿದರೆ ಮೂರು ಬಗೆಯ ವಿಷಗಳೂ ಒಮ್ಮೆಗೇ ಅಳಿಯುತ್ತವೆ. ಡೀಸೆಲ್ ಯಂತ್ರವಾದರೋ ಯಾವಾಗಲೂ ಬೇಕಾದುದಕ್ಕಿಂತ ಹೆಚ್ಚು ಗಾಳಿಯನ್ನು ಸೇವಿಸುತ್ತದೆ. ಹೊಗೆಯಲ್ಲಿ ಆಮ್ಲಜನಕ ಉಳಿದಿರುವುದರಿಂದ ಆ ಸುಲಭದ ಡಬ್ಬಿ ಅಲ್ಲಿ ಸಾರಜನಕದ ಆಕ್ಸೈಡುಗಳನ್ನು ಒಡೆಯಲಾರದು. ಅದಕ್ಕೆ ಯೂರಿಯಾ ದ್ರಾವಣವನ್ನು ಚಿಮ್ಮಿಸುವ ಏರ್ಪಾಡೋ ಅದಕ್ಕೆ ಸಮನಾದ ಬೇರೆ ವೇಗವರ್ಧಕವೋ ಬೇಕು. ಮಸಿಯನ್ನು ಹಿಡಿಯಲು ಸೋಸುಗವೊಂದು ಬೇರೆ ಬೇಕು. ಇಪ್ಪತ್ತು ಲಕ್ಷಕ್ಕೂ ಮಿಗಿಲಾದ ದೊಡ್ಡ ಲಾರಿಗೆ ಈ ಖರ್ಚು ಹೊರೆಯೆನಿಸದು. ನಾಲ್ಕೈದು ಲಕ್ಷದ ಸಣ್ಣ ಗಾಡಿಗೆ ಅದೇ ದೊಡ್ಡ ಹೊರೆ.

ಇದರ ಫಲವು ಬೇಗನೆ ಕಾಣಿಸಿತು. ಮಾರುತಿ ಸಂಸ್ಥೆಯು ಡೀಸೆಲ್ ಯಂತ್ರಗಳನ್ನೇ ಕೈಬಿಟ್ಟಿತು. ಅದರ ಸೂಪರ್ ಕ್ಯಾರಿ ಎಂಬ ಸಣ್ಣ ಸರಕುಗಾಡಿ ಪೆಟ್ರೋಲ್ ಮತ್ತು ಸಿ.ಎನ್.ಜಿ.ಗಳಲ್ಲಿ ಮುಂದುವರಿಯಿತು. ಟಾಟಾ ಏಸ್‌ನ ಡೀಸೆಲ್ ಮಾದರಿಯ ಪಕ್ಕದಲ್ಲಿ 2020ರಲ್ಲಿ 694 ಸಿ.ಸಿ.ಯ ಪೆಟ್ರೋಲ್ ಮಾದರಿ ಬಂದಿತು. 2022ರಲ್ಲಿ ಅದೇ ಸಂಸ್ಥೆ ಪೆಟ್ರೋಲಿನಿಂದಲೂ ಸಿ.ಎನ್.ಜಿ.ಯಿಂದಲೂ ಓಡಬಲ್ಲ ಇಂಟ್ರಾ ವಿ20 ಎಂಬ ಪಿಕಪ್ಪನ್ನು ದೇಶದ ಮೊದಲ ಇಬ್ಬಗೆ ಇಂಧನದ ಪಿಕಪ್ ಎಂದು ಹೊರತಂದಿತು. ಅದೇ ವರ್ಷ ಏಸ್‌ನ ವಿದ್ಯುತ್ ಮಾದರಿಯೂ ಪ್ರಕಟವಾಯಿತು.

ಬದಲಿಗಳ ಗುಣದೋಷಗಳು

ಪೆಟ್ರೋಲ್ ಗಾಡಿಯು ಕೊಳ್ಳಲು ಅಗ್ಗ, ರಿಪೇರಿಗೆ ಸುಲಭ, ಸದ್ದು ಕಡಿಮೆ. ಆದರೆ ಅದು ಇಂಧನವನ್ನು ಹೆಚ್ಚು ಕುಡಿಯುತ್ತದೆ. ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 36 ಮೆಗಾಜೌಲ್ ಶಕ್ತಿಯಿದ್ದರೆ ಪೆಟ್ರೋಲಿನಲ್ಲಿ ಸುಮಾರು 32, ಎಥನಾಲಿನಲ್ಲಿ ಸುಮಾರು 21 ಮಾತ್ರ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ದೊರೆಯಿತು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕಬ್ಬಿಗೆ ಎಥನಾಲ್ ಹೊಸ ಗಿರಾಕಿಯಾಗಿರುವುದು ಸಂತೋಷದ ವಿಷಯ. ಇಷ್ಟಾದರೂ ಈ ಮಿಶ್ರಣದ ಲೀಟರಿನಲ್ಲಿ ಶಕ್ತಿಯು ಶುದ್ಧ ಪೆಟ್ರೋಲಿಗಿಂತ ನೂರಕ್ಕೆ ಏಳರಷ್ಟು ಕಡಿಮೆಯೆಂಬುದನ್ನು ಲೆಕ್ಕದಲ್ಲಿ ಮರೆಯಲಾಗದು. ಎಥನಾಲ್ ಕಿಡಿಯ ಯಂತ್ರಕ್ಕೆ ಒಗ್ಗುವಷ್ಟು ಡೀಸೆಲ್ ಯಂತ್ರಕ್ಕೆ ಒಗ್ಗದು. ಒತ್ತಡದಿಂದ ಬೇಗ ಹೊತ್ತಿಕೊಳ್ಳುವ ಗುಣ ಅದಕ್ಕಿಲ್ಲ. 2014ರಲ್ಲಿ ನಾಗಪುರದಲ್ಲಿ ಓಡಿದ ಸ್ಕೇನಿಯಾ ಎಥನಾಲ್ ಬಸ್ಸಿಗೆ ಹೊತ್ತಿಕೆಯನ್ನು ಚುರುಕುಗೊಳಿಸುವ ದ್ರವ್ಯವನ್ನು ಬೆರೆಸಿದ ವಿಶೇಷ ಇಂಧನವೇ ಬೇಕಾಯಿತು.

ಸಿ.ಎನ್.ಜಿ. ಎಂದರೆ ವಾಯುಮಂಡಲದ ಸುಮಾರು 200 ಪಟ್ಟು ಒತ್ತಡದಲ್ಲಿ ತುಂಬಿದ ನಿಸರ್ಗಾನಿಲ. ಅದರ ಮುಖ್ಯ ಭಾಗ ಮೀಥೇನ್. ಅದು ಮಸಿಯನ್ನು ಬಹಳ ಕಡಿಮೆ ಬಿಡುತ್ತದೆ. ದೆಹಲಿಯಲ್ಲಿ ಸರ್ವೋಚ್ಚ ನ್ಯಾಯಾಲಯದ 1998ರ ಆಜ್ಞೆಯಂತೆ ನಗರದ ಡೀಸೆಲ್ ಬಸ್ಸುಗಳೆಲ್ಲ 2002ರ ಕೊನೆಯ ಹೊತ್ತಿಗೆ ಈ ಅನಿಲಕ್ಕೆ ಬದಲಾದವು. ಭಾರವಾದ ಗಾಡಿಗಳನ್ನೂ ಇದರಿಂದ ಓಡಿಸಬಹುದೆಂಬುದು ಅಲ್ಲಿ ರುಜುವಾತಾಯಿತು. ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿಗೆ ಗೇಲ್ ಸಂಸ್ಥೆ ಹಾಕಿದ ಕೊಳವೆಮಾರ್ಗವು 2013ರಲ್ಲಿ ಕಾರ್ಯಾರಂಭ ಮಾಡಿತು. ಅದು ಬೆಳಗಾವಿ, ಧಾರವಾಡಗಳ ಸೀಮೆಯನ್ನು ಹಾಯ್ದು ಹೋಗಿರುವುದರಿಂದಲೇ ಅವಳಿ ನಗರಗಳಿಗೆ ಅನಿಲದ ಅನುಕೂಲ ಒದಗಿತು. ಇದರ ದೋಷಗಳೂ ಸ್ಪಷ್ಟ: ಉಕ್ಕಿನ ಸಿಲಿಂಡರುಗಳು ಸರಕಿನ ಜಾಗವನ್ನೂ ತೂಕವನ್ನೂ ತಿನ್ನುತ್ತವೆ, ಅನಿಲವು ಸಿಲಿಂಡರಿನೊಳಗೆ ಗಾಳಿಯ ಸ್ಥಳವನ್ನು ಆಕ್ರಮಿಸುವುದರಿಂದ ಬಲ ತುಸು ಕುಗ್ಗುತ್ತದೆ, ಉರಿಯದೆ ಸೋರಿಹೋದ ಮೀಥೇನ್ ಭೂಮಿಯನ್ನು ಬಿಸಿಯೇರಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಹಲವು ಪಟ್ಟು ಪ್ರಬಲ.

ಇನ್ನು ಡೀಸೆಲ್ ಯಂತ್ರವನ್ನು ಇಟ್ಟುಕೊಂಡೇ ಎಣ್ಣೆಯನ್ನು ಬದಲಿಸುವ ದಾರಿ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಯಂತ್ರವೊಂದನ್ನು ಶೇಂಗಾ ಎಣ್ಣೆಯಿಂದ ನಡೆಸಿ ತೋರಿಸಿದ್ದರು. ಶೇಂಗಾ ಬೆಳೆಯುವ ಈ ನಾಡಿಗೆ ಇದು ಮೆಚ್ಚುಗೆಯ ಸುದ್ದಿಯೇ. ಆದರೆ ತಿನ್ನುವ ಎಣ್ಣೆಯನ್ನು ಯಂತ್ರಕ್ಕೆ ಸುರಿಯುವುದು ತರವಲ್ಲ. ಹಿಂದೆ ದೀಪಕ್ಕೆ ಬಳಸುತ್ತಿದ್ದ ಹೊಂಗೆಯ ಎಣ್ಣೆ ಈ ಕಾರಣದಿಂದ ಮುಂದೆ ಬಂದಿತು. ಅದು ಡೀಸೆಲ್ಲಿಗಿಂತ ಸುಮಾರು ಹತ್ತು ಪಟ್ಟು ಜಿಗುಟು. ಮೆಥನಾಲ್ ಹಾಗೂ ಕ್ಷಾರವನ್ನು ಬೆರೆಸಿ ಕಾಯಿಸಿದರೆ ಗ್ಲಿಸರಿನ್ ಬೇರ್ಪಟ್ಟು ತೆಳುವಾದ ಜೈವಿಕ ಡೀಸೆಲ್ ದೊರೆಯುತ್ತದೆ. ಹುಬ್ಬಳ್ಳಿಯಲ್ಲಿ 1947ರಲ್ಲಿ ಸ್ಥಾಪಿತವಾಗಿ ಮುಂದೆ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಗಿ ಬೆಳೆದ ಭೂಮರಡ್ಡಿ ಇಂಜಿನಿಯರಿಂಗ್ ಮಹಾವಿದ್ಯಾಲಯದಲ್ಲಿ ಹೊಂಗೆಯ ಜೈವಿಕ ಡೀಸೆಲ್ಲನ್ನು ಕಟ್ಟಿಗೆಯ ಅನಿಲದೊಡನೆ ಜೋಡಿಸಿ ಒಂದೇ ಯಂತ್ರದಲ್ಲಿ ಉರಿಸುವ ಪ್ರಯೋಗಗಳು ನಡೆದು ಪ್ರಕಟವಾಗಿವೆ. ಯುದ್ಧಕಾಲದ ಇದ್ದಿಲು ಬಸ್ಸಿನ ತತ್ತ್ವವೇ ಪ್ರಯೋಗಶಾಲೆಯಲ್ಲಿ ಶಾಸ್ತ್ರೀಯವಾಗಿ ಮರುಹುಟ್ಟು ಪಡೆದಂತಾಯಿತು. ಹೊಂಗೆಯ ಕೊರತೆ ಇರುವುದು ಬೀಜ ಕೂಡಿಸುವುದರಲ್ಲಿ. ಗಿಡಗಳು ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ ಚದುರಿ ನಿಂತಿವೆ. ಆಯುವವರ ಕೂಲಿಯೇ ಎಣ್ಣೆಯ ಬೆಲೆಯನ್ನು ಏರಿಸುತ್ತದೆ. ಆದುದರಿಂದ ಅದು ಡೀಸೆಲ್ಲಿಗೆ ನೆರವಾಗಬಲ್ಲುದು, ಪೂರ್ತಿ ಬದಲಿಯಾಗಲಾರದು.

ಲೆಕ್ಕದ ದಾರಿ

ಸಣ್ಣ ಗಾಡಿಗಳಲ್ಲಿ ಡೀಸೆಲ್ ಯಂತ್ರವು ಇಂಧನದ ಶಕ್ತಿಯಲ್ಲಿ ನೂರಕ್ಕೆ ಸುಮಾರು 36ನ್ನು ಕೆಲಸವನ್ನಾಗಿ ಮಾಡಿದರೆ ಕಿಡಿಯ ಯಂತ್ರವು ಸುಮಾರು 28ನ್ನು ಮಾಡುತ್ತದೆ ಎಂದು ಸ್ಥೂಲವಾಗಿ ಹಿಡಿಯಬಹುದು. ಒಂದು ಕಿಲೋಗ್ರಾಂ ಸಿ.ಎನ್.ಜಿ.ಯ ಶಕ್ತಿ ಸುಮಾರು 48 ಮೆಗಾಜೌಲ್. ಹೀಗೆ ಗುಣಿಸಿ ನೋಡಿದರೆ ಒಂದು ಲೀಟರ್ ಡೀಸೆಲ್ ಮಾಡುವ ಕೆಲಸಕ್ಕೆ ಒಂದು ಕಿಲೋಗ್ರಾಂ ಸಿ.ಎನ್.ಜಿ. ಅಥವಾ ಸುಮಾರು ಒಂದೂವರೆ ಲೀಟರ್ ಪೆಟ್ರೋಲ್ ಬೇಕಾಗುತ್ತದೆ. ಈ ಸೂತ್ರವನ್ನು ನೆನಪಿಟ್ಟುಕೊಂಡರೆ ಪಂಪಿನಲ್ಲಿ ಬರೆದ ಅಂದಂದಿನ ದರಗಳನ್ನು ಯಾರಾದರೂ ತಾವೇ ಹೋಲಿಸಬಹುದು.

ಎರಡನೆಯ ಲೆಕ್ಕವು ಗಾಡಿಯ ಬೆಲೆಯದು. ಉದಾಹರಣೆಗಾಗಿ, ಪೆಟ್ರೋಲ್ ಗಾಡಿಗಿಂತ ಡೀಸೆಲ್ ಗಾಡಿಗೆ 80,000 ರೂಪಾಯಿ ಹೆಚ್ಚು ಕೊಡಬೇಕಾಗಿದೆ, ಓಡಿಸುವಾಗ ಕಿಲೋಮೀಟರಿಗೆ 2 ರೂಪಾಯಿ ಉಳಿಯುತ್ತದೆ ಎಂದು ಇಟ್ಟುಕೊಳ್ಳೋಣ. ಹೆಚ್ಚು ಕೊಟ್ಟ ಹಣ ಮರಳಲು ಗಾಡಿಯು 40,000 ಕಿಲೋಮೀಟರ್ ಓಡಬೇಕು. ವರ್ಷಕ್ಕೆ 300 ದಿನ, ದಿನಕ್ಕೆ 200 ಕಿಲೋಮೀಟರ್ ಓಡುವವನಿಗೆ ಎಂಟು ತಿಂಗಳು ಸಾಕು. ದಿನಕ್ಕೆ 50 ಕಿಲೋಮೀಟರ್ ಮಾತ್ರ ಓಡುವವನಿಗೆ ಎರಡು ವರ್ಷ ಎಂಟು ತಿಂಗಳು ಬೇಕು. ಸಾಲದ ಬಡ್ಡಿಯನ್ನು ಕೂಡಿಸಿದರೆ ಇನ್ನೂ ಹೆಚ್ಚು. ಒಂದೇ ಗಾಡಿ ಒಬ್ಬನಿಗೆ ಲಾಭ, ಇನ್ನೊಬ್ಬನಿಗೆ ನಷ್ಟವಾಗುವುದು ಹೀಗೆ.

ಇದಕ್ಕೆ ಯಂತ್ರದ ಒಂದು ಮರ್ಮವೂ ಸೇರುತ್ತದೆ. ಹೊಸ ಡೀಸೆಲ್ ಗಾಡಿಯ ಮಸಿ ಸೋಸುಗದಲ್ಲಿ ಕೂಡಿದ ಮಸಿಯು ಸುಟ್ಟುಹೋಗಬೇಕಾದರೆ ಹೊಗೆಯ ಬಿಸಿ ಸುಮಾರು 550 ಡಿಗ್ರಿಗೆ ಏರಬೇಕು. ಹೆದ್ದಾರಿಯಲ್ಲಿ ಒಂದೇ ಸಮನೆ ಓಡುವ ಗಾಡಿಗೆ ಇದು ಸುಲಭ. ದುರ್ಗದ ಬೈಲಿನ ಸಂದಣಿಯಲ್ಲಿ ನಿಂತು ನಿಂತು ಸಾಗುವ, ಅಂಗಡಿಯಿಂದ ಅಂಗಡಿಗೆ ಮೂಟೆ ಇಳಿಸುವ ಗಾಡಿಗೆ ಆ ಬಿಸಿ ಏರುವುದೇ ಇಲ್ಲ. ಸೋಸುಗ ಕಟ್ಟಿಕೊಂಡು ಗಾಡಿ ಗ್ಯಾರೇಜಿಗೆ ಬರುತ್ತದೆ. ಹಳೆಯ ಡೀಸೆಲ್ ಯಂತ್ರಕ್ಕೆ ಇಲ್ಲದಿದ್ದ ಈ ತೊಡಕನ್ನು ತಿಳಿಯದೆ, ಹಿರಿಯರು ಕೊಂಡದ್ದನ್ನೇ ಕೊಂಡವರು ಪೇಚಿಗೆ ಸಿಕ್ಕುತ್ತಾರೆ.

ಘಟ್ಟಕ್ಕೊಂದು, ಪೇಟೆಗೊಂದು

ಮೇಲಿನ ವಿಚಾರಗಳಿಂದ ನಿಷ್ಪನ್ನವಾಗುವ ತತ್ತ್ವ ಸರಳವಾದುದು. ಇಂಧನವನ್ನು ಆರಿಸಬೇಕಾದುದು ಗಾಡಿಯ ಗಾತ್ರದಿಂದಲ್ಲ, ಅದು ದಿನಾಲು ನಡೆಯುವ ದಾರಿಯಿಂದ. ತುಂಬಿದ ಹೊರೆಯೊಡನೆ ಅರಬೈಲು ಘಟ್ಟವನ್ನು ಹತ್ತುವ, ರಾತ್ರಿಯೆಲ್ಲ ಓಡಿ ಬೆಳಗಿಗೆ ಪುಣೆಯನ್ನೋ ಬೆಂಗಳೂರನ್ನೋ ಸೇರುವ ಲಾರಿಗೆ ಡೀಸೆಲ್ಲಿನ ಸ್ಥಾನ ಇನ್ನೂ ಭದ್ರವಾಗಿದೆ. ಅಮರಗೋಳದಿಂದ ಪೇಟೆಗೆ, ಗೋಕುಲ ರಸ್ತೆಯ ಕಾರ್ಖಾನೆಗಳಿಂದ ಗೋದಾಮುಗಳಿಗೆ ಓಡಾಡುವ ಸಣ್ಣ ಗಾಡಿಗೆ ಡೀಸೆಲ್ಲಿನ ಹಳೆಯ ವಾದಗಳು ಸೋತಿವೆ. ಅನಿಲದ ಪಂಪು ದಾರಿಯಲ್ಲಿದ್ದರೆ ಸಿ.ಎನ್.ಜಿ., ಇಲ್ಲದಿದ್ದರೆ ಪೆಟ್ರೋಲ್, ನಿಗದಿತ ಸುತ್ತನ್ನು ಮುಗಿಸಿ ರಾತ್ರಿ ಮನೆಗೆ ಮರಳುವುದಾದರೆ ವಿದ್ಯುತ್ತು ಅದಕ್ಕೆ ತಕ್ಕವು. ಕುಂದಗೋಳ, ನವಲಗುಂದ, ಕಲಘಟಗಿಗಳ ಹಳ್ಳಿದಾರಿಗಳಲ್ಲಿ ಓಡುವ ಪಿಕಪ್ಪಿಗೆ ಎರಡೂ ಇಂಧನಗಳಿಂದ ನಡೆಯುವ ಗಾಡಿ ಅನುಕೂಲ. ಅನಿಲ ಮುಗಿದರೆ ಪೆಟ್ರೋಲಿನಿಂದ ಊರು ಸೇರಬಹುದು.

ಈ ತತ್ತ್ವ ಕೇವಲ ನಮ್ಮ ನಾಡಿನದಲ್ಲ. ಅಮೆರಿಕದಲ್ಲಿ ಭಾರಿ ಪಿಕಪ್‌ಗಳನ್ನು ಕೊಳ್ಳುವವರು ದೊಡ್ಡ ಹೊರೆಗೆ ಡೀಸೆಲ್ಲನ್ನೇ ಬಯಸುತ್ತಿದ್ದರು. ಹೊಗೆ ನಿಯಮಗಳಿಂದ ಅದರ ಬೆಲೆ ಏರಿದ ಮೇಲೆ ಫೋರ್ಡ್ ಸಂಸ್ಥೆಯು 2020ರ ಮಾದರಿಗಳಿಗೆ 7.3 ಲೀಟರಿನ ಎಂಟು ಸಿಲಿಂಡರಿನ ಹೊಸ ಪೆಟ್ರೋಲ್ ಯಂತ್ರವನ್ನೂ ಜನರಲ್ ಮೋಟರ್ಸ್ 6.6 ಲೀಟರಿನದನ್ನೂ ತಂದವು. ಡೀಸೆಲ್ಲಿಗೆ ಹೆಸರಾದ ಕಮ್ಮಿನ್ಸ್ ಸಂಸ್ಥೆಯು 2022ರಲ್ಲಿ, ಕೆಳಭಾಗವೊಂದೇ ಆಗಿದ್ದು ತಲೆಭಾಗವನ್ನು ಬದಲಿಸಿ ಡೀಸೆಲ್, ಅನಿಲ, ಜಲಜನಕಗಳಿಗೆ ಹೊಂದಿಸಬಹುದಾದ ಯಂತ್ರಗಳ ಯೋಜನೆಯನ್ನು ಪ್ರಕಟಿಸಿತು. 2023ರಲ್ಲಿ ಬೆಂಗಳೂರಿನಲ್ಲಿ ಅಶೋಕ್ ಲೇಲ್ಯಾಂಡ್ ಹಾಗೂ ರಿಲಯನ್ಸ್ ಸಂಸ್ಥೆಗಳ ಜಲಜನಕದ ಲಾರಿ ಪ್ರದರ್ಶಿತವಾಯಿತು. ಮುಂದೆ ದೊಡ್ಡ ಲಾರಿಗಳಿಗೂ ಬದಲಿಯ ಕಾಲ ಬರಬಹುದೆಂಬುದಕ್ಕೆ ಇವು ಮುನ್ಸೂಚನೆಗಳು.

ಎಚ್ಚರದ ಮಾತು

ಹಣ ಉಳಿಸುವ ಆತುರದಲ್ಲಿ ಪ್ರಾಣವನ್ನು ಒತ್ತೆಯಿಡಬಾರದು. ಅಡಿಗೆ ಮನೆಯ ಅನಿಲದ ಸಿಲಿಂಡರನ್ನು ಗಾಡಿಗೆ ಹೊಂದಿಸುವುದು ಅಪರಾಧ, ಅಪಾಯವೂ ಹೌದು. ಆ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲದಲ್ಲಿ ತಂಗಿ ಕಿಡಿಗಾಗಿ ಕಾದಿರುತ್ತದೆ. ಸಿ.ಎನ್.ಜಿ. ಗಾಳಿಗಿಂತ ಹಗುರ, ಮೇಲಕ್ಕೆ ಹಾರಿಹೋಗುತ್ತದೆ. ಆದರೆ ಅದರ ಸಿಲಿಂಡರು ಭಾರಿ ಒತ್ತಡವನ್ನು ಹೊತ್ತಿರುವುದರಿಂದ ಮೂರು ವರ್ಷಕ್ಕೊಮ್ಮೆ ಅಧಿಕೃತ ಪರೀಕ್ಷೆಗೆ ಒಳಗಾಗಲೇಬೇಕು. ಕಾರ್ಖಾನೆಯಲ್ಲೇ ಜೋಡಿಸಿದ ಗಾಡಿಯನ್ನು ಕೊಳ್ಳುವುದು ಬೀದಿಯಲ್ಲಿ ಜೋಡಿಸಿಕೊಳ್ಳುವುದಕ್ಕಿಂತ ಮೇಲು.

ಶಾಲೆ, ಪ್ರಸಾದ ನಿಲಯ, ಸಹಕಾರಿ ಸಂಘಗಳಿಗೆ ಗಾಡಿಯನ್ನು ದಾನವಾಗಿ ಕೊಡುವವರೂ ಕೊಳ್ಳುವ ಆಡಳಿತ ಮಂಡಳಿಗಳೂ ಮೂರು ಪ್ರಶ್ನೆಗಳನ್ನು ಮೊದಲು ಬರೆದಿಡುವುದು ಒಳ್ಳೆಯದು. ಗಾಡಿಯು ದಿನಕ್ಕೆ ಎಷ್ಟು ದೂರ ಓಡುವುದು? ಆ ದಾರಿಯಲ್ಲಿ ಯಾವ ಇಂಧನ ನಿಶ್ಚಯವಾಗಿ ಸಿಕ್ಕುವುದು? ಅದರ ಹೊಗೆಯನ್ನು ಯಾರು ಉಸಿರಾಡುವರು? ಮೊದಲೆರಡು ಪ್ರಶ್ನೆಗಳಿಗೆ ಉತ್ತರ ಲೆಕ್ಕದ ಪುಸ್ತಕದಲ್ಲಿದೆ. ಮೂರನೆಯದಕ್ಕೆ ಉತ್ತರವು ಶಾಲೆಯ ಅಂಗಳದಲ್ಲಿ, ಪೇಟೆಯ ಓಣಿಯಲ್ಲಿ, ಗಾಡಿ ನಿಂತಲ್ಲೆಲ್ಲ ಇದೆ. ದಾನಿಯ ಹೆಸರು ಗಾಡಿಯ ಬಾಗಿಲಿನ ಮೇಲೆ ಬರೆದಿರುತ್ತದೆ. ಅದರ ಹೊಗೆಯಲ್ಲಿಯೂ ಆ ಹೆಸರಿಗೆ ಕಪ್ಪು ಬಾರದಂತೆ ನೋಡಿಕೊಳ್ಳುವುದು ಕೊಟ್ಟವರಿಗೂ ಕೊಂಡವರಿಗೂ ಸಮಾನವಾದ ಕರ್ತವ್ಯ.